ಕೆನಡಾದಲ್ಲಿ ನಿರಾಶ್ರಿತರ ಅರ್ಜಿ: ಹ್ಯಾಲಿಫ್ಯಾಕ್ಸಿನಲ್ಲೇ ಹಾಕುವುದಾ, ಟೊರೊಂಟೊಗೆ ಹೋಗುವುದಾ?

ಕಡಲತಡಿ_ಕಿರಣ
ಎಲ್ಲರಿಗೂ ನಮಸ್ಕಾರ. ಇದು ನನ್ನ ಕೇಸಲ್ಲ, ಗೆಳತಿಯದ್ದು. ಅವಳು ಅಫ್ಘಾನಿಸ್ತಾನದವಳು. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ನಮ್ಮ ಬ್ಯಾಚು. ಕನ್ನಡ ಈಗಲೂ ತಕ್ಕಮಟ್ಟಿಗೆ ಬರುತ್ತದೆ, ಬೈಯೋದಂತೂ ಚೆನ್ನಾಗಿಯೇ ಬರುತ್ತದೆ. 2023ರಲ್ಲಿ ಸ್ಟಡಿ ಪರ್ಮಿಟ್ ಮೇಲೆ ಹ್ಯಾಲಿಫ್ಯಾಕ್ಸಿಗೆ ಬಂದಳು. ಈಗ ಓದು ಮುಗಿದಿದೆ, ಪರ್ಮಿಟ್ಟೂ ಮುಗಿಯುತ್ತಾ ಬಂದಿದೆ. ಕಾಬೂಲಿಗೆ ವಾಪಸ್ ಹೋಗುವ ಮಾತೇ ಇಲ್ಲ. ಕಾರಣವನ್ನು ಇಲ್ಲಿ ಬರೆಯುವುದಿಲ್ಲ, ಊಹಿಸಿಕೊಳ್ಳಿ.

ಒಬ್ಬೊಬ್ಬರು ಒಂದೊಂದು ಊರು ಹೇಳಿ ಅವಳ ತಲೆ ಕೆಡಿಸಿದ್ದಾರೆ. ಅಣ್ಣನ ಸ್ನೇಹಿತರು ಟೊರೊಂಟೊಗೆ ಬಾ, ಇಲ್ಲಿ ಬೇಗ ಆಗುತ್ತದೆ ಅನ್ನುತ್ತಾರೆ. ಕ್ಲಾಸಿನವರೊಬ್ಬರು ಮಾಂಟ್ರಿಯಲ್‌ನಲ್ಲಿ ಜಡ್ಜ್‌ಗಳು ಮೆತ್ತಗಿದ್ದಾರೆ ಅಂದರಂತೆ. ಒಬ್ಬ ಏಜೆಂಟ್ ವ್ಯಾಂಕೂವರ್ ಬೆಸ್ಟು, 4,000 ಡಾಲರ್ ಕೊಟ್ಟರೆ ಪೂರ್ತಿ ನಾನೇ ಮಾಡಿಸುತ್ತೇನೆ ಅಂತ ಫೋನ್ ಮೇಲೆ ಫೋನ್ ಮಾಡುತ್ತಿದ್ದಾನೆ. ಅವಳು ರೂಮ್ ಖಾಲಿ ಮಾಡುವ ಯೋಚನೆಯಲ್ಲಿದ್ದಾಳೆ. ಸ್ವಲ್ಪ ತಡಿ, ಕೇಳಿ ಹೇಳುತ್ತೇನೆ ಅಂದಿದ್ದೇನೆ. ಗೊತ್ತಿರುವವರು ಹೇಳಿ. ಊರಿಂದ ಊರಿಗೆ ನಿಜವಾಗಲೂ ವ್ಯತ್ಯಾಸ ಇದೆಯಾ?

ಸ್ಕಾರ್ಬರೊ_ಸೀನ
ಟೊರೊಂಟೊ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಗುರು? ಅಫ್ಘಾನ್ ಜನ ಸಾವಿರಾರು ಇದ್ದಾರೆ, ಅವರ ಅಂಗಡಿ, ಮಸೀದಿ, ವಕೀಲರು, ಡಾಕ್ಟರು ಎಲ್ಲ ಸಿಗುತ್ತಾರೆ. ಹ್ಯಾಲಿಫ್ಯಾಕ್ಸಿನಲ್ಲಿ ಒಬ್ಬಳೇ ಕೂತು ಏನು ಮಾಡುತ್ತಾಳೆ?

ಮಾಂಟ್ರಿಯಲ್_ಮಾಲತಿ
"ಜಡ್ಜ್‌ಗಳು ಮೆತ್ತಗಿದ್ದಾರೆ" ಅನ್ನುವುದನ್ನು ನಾನು ಪ್ರತಿ ಊರಿನ ಬಗ್ಗೆಯೂ ಕೇಳಿದ್ದೇನೆ. ಮಾಂಟ್ರಿಯಲ್‌ನವರು ಟೊರೊಂಟೊ ಸುಲಭ ಅನ್ನುತ್ತಾರೆ, ಟೊರೊಂಟೊದವರು ಇದನ್ನೇ ತಿರುಗಿಸಿ ಹೇಳುತ್ತಾರೆ.

ಬಿಸಿಬೇಳೆ
ಓದೋಕೆ ಅಂತ ವೀಸಾ ತಗೊಂಡು ಬಂದು ಆಮೇಲೆ ನಿರಾಶ್ರಿತೆ ಅಂದರೆ ಯಾರು ನಂಬುತ್ತಾರೆ? ಇಂಥವರಿಂದಲೇ ಈಗ ನಿಜವಾದ ಸ್ಟೂಡೆಂಟ್‌ಗಳಿಗೂ ವೀಸಾ ಸಿಗುತ್ತಿಲ್ಲ.

ಕಾಗದಪತ್ರ
ನಾನು ಟೊರೊಂಟೊದಲ್ಲಿ ಒಂದು ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ವಕೀಲೆ ಅಲ್ಲ, ಆದರೆ ಈ ಫೈಲುಗಳನ್ನೇ ದಿನಾ ಕಟ್ಟುವುದು.

ಕಿರಣ್ ಅವರೇ, ನಿಮ್ಮ ಪ್ರಶ್ನೆಯ ಬುಡವೇ ಸ್ವಲ್ಪ ಅಲುಗಾಡುತ್ತಿದೆ. "ಅರ್ಜಿ ಹಾಕುವ ಊರು" ಅಂತ ಒಂದು ಇಲ್ಲವೇ ಇಲ್ಲ. ದೇಶದ ಒಳಗೆ ಇರುವವರು ಆನ್‌ಲೈನ್‌ನಲ್ಲಿ, ಇಮಿಗ್ರೇಶನ್ ಇಲಾಖೆಯ ಪೋರ್ಟಲ್‌ನಲ್ಲಿ ಹಾಕುತ್ತಾರೆ. ಹಾಸಿಗೆ ಮೇಲೆ ಕೂತೇ ಹಾಕಬಹುದು. ಆಮೇಲೆ ಬೆರಳಚ್ಚಿಗೆ, ಸಂದರ್ಶನಕ್ಕೆ ಕರೆಯುತ್ತಾರೆ. ಅರ್ಜಿಗೆ ಅರ್ಹತೆ ಇದೆ ಅಂತ ಅಧಿಕಾರಿ ಒಪ್ಪಿದರೆ ಫೈಲು ಐಆರ್‌ಬಿಗೆ, ಅಂದರೆ ವಲಸೆ ಮತ್ತು ನಿರಾಶ್ರಿತರ ಮಂಡಳಿಗೆ ಹೋಗುತ್ತದೆ. ತೀರ್ಮಾನ ಕೊಡುವುದು ಆ ಮಂಡಳಿ. ಐಆರ್‌ಬಿಗೆ ಮೂರು ವಲಯ: ಪೂರ್ವಕ್ಕೆ ಮಾಂಟ್ರಿಯಲ್, ಮಧ್ಯಕ್ಕೆ ಟೊರೊಂಟೊ, ಪಶ್ಚಿಮಕ್ಕೆ ವ್ಯಾಂಕೂವರ್. ನೀವು ಕೊಟ್ಟ ಮನೆ ವಿಳಾಸ ನೋಡಿ ವಲಯ ನಿರ್ಧಾರವಾಗುತ್ತದೆ. ಹ್ಯಾಲಿಫ್ಯಾಕ್ಸ್ ಪೂರ್ವ ವಲಯ. ಅಂದರೆ ಅವಳು ಕೂತಲ್ಲೇ ಕೂತರೂ ಫೈಲು ಮಾಂಟ್ರಿಯಲ್ ಪಾಲಿಗೇ ಬರುತ್ತದೆ. ಅದಕ್ಕಾಗಿ 1,200 ಕಿಲೋಮೀಟರ್ ಬಸ್ಸು ಹತ್ತಬೇಕಿಲ್ಲ.

ವಿಚಾರಣೆಯೂ ಈಗ ಬಹುಪಾಲು ವಿಡಿಯೊದಲ್ಲೇ, ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ. ಎದುರಿಗೇ ಕೂತು ಹೇಳಬೇಕು ಅನ್ನಿಸಿದರೆ ಹಾಗೆ ಕೇಳಿಕೊಳ್ಳಬಹುದು.

ಇನ್ನು ಊರಿಗಿಂತ ಮೊದಲು ಕೇಳಬೇಕಾದ್ದು ತಾರೀಕು. 2025ರ ಜೂನ್ 3ರಂದು ಸರ್ಕಾರ ಮಂಡಿಸಿದ ಸಿ-2 ಮಸೂದೆಯಲ್ಲಿ ಒಂದು ಅಂಶ ಇತ್ತು: 2020ರ ಜೂನ್ 24ರ ನಂತರ ಮೊದಲ ಸಲ ಕೆನಡಾಕ್ಕೆ ಬಂದವರು, ಬಂದು ಒಂದು ವರ್ಷ ದಾಟಿದ ಮೇಲೆ ಅರ್ಜಿ ಹಾಕಿದರೆ ಅದು ಐಆರ್‌ಬಿಗೆ ಹೋಗುವುದಿಲ್ಲ. ಅದೇ ಅಂಶ ಅಕ್ಟೋಬರ್‌ನಲ್ಲಿ ಬಂದ ಸಿ-12ರಲ್ಲೂ ಇತ್ತು. ಇಂಥವರಿಗೆ ಉಳಿಯುವುದು ಗಡೀಪಾರಿಗೆ ಮುಂಚಿನ ಅಪಾಯದ ಪರಿಶೀಲನೆ ಮಾತ್ರ. ನಿಮ್ಮ ಗೆಳತಿ ಬಂದಿದ್ದು 2023. ಹಾಗಾಗಿ ವಕೀಲರ ಹತ್ತಿರ ಬಾಯಿ ಬಿಟ್ಟ ತಕ್ಷಣ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಟೊರೊಂಟೊನಾ ಹ್ಯಾಲಿಫ್ಯಾಕ್ಸಾ ಆಮೇಲೆ.

ಕಡಲತಡಿ_ಕಿರಣ
ಅಯ್ಯೋ, ಈ ಒಂದು ವರ್ಷದ ವಿಷಯವನ್ನು ಯಾರೂ ಹೇಳಿರಲಿಲ್ಲ. ಏಜೆಂಟಂತೂ ಚಕಾರ ಎತ್ತಿಲ್ಲ.

ಕಾಗದಪತ್ರ
ಅವನು ಯಾಕೆ ಹೇಳುತ್ತಾನೆ? ಹೇಳಿದರೆ 4,000 ಕೈಬಿಡುತ್ತದೆ.

ಗಾಬರಿಯೂ ಬೇಡ. ಅಫ್ಘಾನಿಸ್ತಾನಕ್ಕೆ ಕೆನಡಾ ಬಹಳ ವರ್ಷದಿಂದ ಗಡೀಪಾರು ತಡೆ ಹಾಕಿಕೊಂಡಿದೆ. ಗಂಭೀರ ಅಪರಾಧದಂಥ ಕಾರಣ ಇಲ್ಲದಿದ್ದರೆ ಅಲ್ಲಿಗೆ ಯಾರನ್ನೂ ಕಳಿಸುವುದಿಲ್ಲ. ಆದರೆ ತಡೆ ಬೇರೆ, ರಕ್ಷಣೆ ಬೇರೆ. ತಡೆ ಇದೆ ಅಂದ ಮಾತ್ರಕ್ಕೆ ಪಿ.ಆರ್., ಅಂದರೆ ಕಾಯಂ ನೆಲೆಸುವ ಅನುಮತಿ, ಸಿಗುವುದಿಲ್ಲ.

ಅಬ್ಬಕ್ಕನ_ಊರವಳು
ಬಿಸಿಬೇಳೆಯವರೇ, 2021ರ ಆಗಸ್ಟ್ 15ಕ್ಕೆ ಕಾಬೂಲ್ ಬಿತ್ತು. 2022ರ ಡಿಸೆಂಬರಿನಲ್ಲಿ ಹುಡುಗಿಯರಿಗೆ ಯೂನಿವರ್ಸಿಟಿ ಬಾಗಿಲು ಹಾಕಿದರು. ಆ ಹುಡುಗಿ 2023ರಲ್ಲಿ ಓದಲಿಕ್ಕೆ ಬಂದದ್ದು ಸುಳ್ಳು ಹೇಗಾಗುತ್ತದೆ ಮಾರಾಯ್ರೆ? ಓದಲಿಕ್ಕೂ ಬಂದಳು, ಹೋಗಲಿಕ್ಕೂ ಆಗುವುದಿಲ್ಲ. ಎರಡೂ ನಿಜವೇ.

ಬಿಸಿಬೇಳೆ
ನಾನು ಆ ಹುಡುಗಿ ಬಗ್ಗೆ ಹೇಳಲಿಲ್ಲ, ಒಟ್ಟಾರೆ ಹೇಳಿದೆ. ನಮ್ಮ ದೇಶದ ಹುಡುಗರೇ ಪರ್ಮಿಟ್ ಮುಗಿದ ಕೂಡಲೇ ಅರ್ಜಿ ಗುದ್ದುತ್ತಿದ್ದಾರಲ್ಲ, ಅದು ಸರೀನಾ?

ಸ್ಕಾರ್ಬರೊ_ಸೀನ
ಅದಕ್ಕೆ ಬೇರೆ ಥ್ರೆಡ್ ಮಾಡಿ ಸ್ವಾಮಿ.

ಮಾಂಟ್ರಿಯಲ್_ಮಾಲತಿ
ಮಾಂಟ್ರಿಯಲ್ ಬಗ್ಗೆ ಹೇಳುತ್ತೇನೆ. ನಾನು ವಾರಾಂತ್ಯದಲ್ಲಿ ಹೊಸಬರಿಗೆ ಫಾರಂ ತುಂಬಿಕೊಡುವ ಕಡೆ ಸ್ವಯಂಸೇವೆ ಮಾಡುತ್ತೇನೆ.

ಒಳ್ಳೆಯದು: ಪ್ರೈಡಾ ಅಂತ ಸರ್ಕಾರದ್ದೇ ಒಂದು ವ್ಯವಸ್ಥೆ ಇದೆ, ಆಶ್ರಯ ಕೇಳಿ ಬಂದವರಿಗೆ ಅಂತಲೇ. ಲೀಗಲ್ ಏಡ್, ಅಂದರೆ ಸರ್ಕಾರದ ಖರ್ಚಿನಲ್ಲಿ ವಕೀಲರ ನೆರವು, ಇದೆ. ಬಾಡಿಗೆ ಟೊರೊಂಟೊಗಿಂತ ಕಡಿಮೆ. ಐಆರ್‌ಬಿ ಆಫೀಸು ಊರ ನಡುವೆ, ಗಿ-ಫಾವ್ರೋ ಕಟ್ಟಡದಲ್ಲಿ. ವಿಚಾರಣೆಯ ಭಾಷೆ ಇಂಗ್ಲಿಷೋ ಫ್ರೆಂಚೋ ನೀವೇ ಆರಿಸಿಕೊಳ್ಳಬಹುದು, ಮಾಂಟ್ರಿಯಲ್ ಅಂತ ಫ್ರೆಂಚೇ ಆಗಬೇಕಿಲ್ಲ.

ಕಷ್ಟ: ವಿಚಾರಣೆ ಒಂದು ದಿನದ್ದು, ಬದುಕು ಪ್ರತಿದಿನದ್ದು. ಫ್ರೆಂಚ್ ಇಲ್ಲದೆ ಒಳ್ಳೆಯ ಕೆಲಸ ಸಿಗುವುದು ಕಷ್ಟ. 2022ರ ಭಾಷಾ ಕಾನೂನಿನ ಪ್ರಕಾರ ಬಂದು ಆರು ತಿಂಗಳಾದ ಮೇಲೆ ಪ್ರಾಂತ್ಯದ ಕಚೇರಿಗಳು ಹೊಸಬರ ಜೊತೆ ಫ್ರೆಂಚಿನಲ್ಲೇ ವ್ಯವಹರಿಸಬೇಕು. ಆರೋಗ್ಯದಂಥದ್ದಕ್ಕೆ ವಿನಾಯಿತಿ ಇದೆ ಅನ್ನಿ. ಮಕ್ಕಳಿದ್ದವರಿಗೆ ಇನ್ನೊಂದು ತಲೆನೋವು ಇತ್ತು. 2018ರಲ್ಲಿ ಅರ್ಜಿದಾರರ ಮಕ್ಕಳಿಗೆ ಸಬ್ಸಿಡಿಯ ಶಿಶುವಿಹಾರ ನಿಲ್ಲಿಸಿದ್ದರು. ಅದು ತಾರತಮ್ಯ ಅಂತ ಕ್ವಿಬೆಕ್‌ನ ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಹೇಳಬೇಕಾಯಿತು.

ಎಲ್ಲಕ್ಕಿಂತ ದೊಡ್ಡದು ಆಮೇಲಿನದು. ಕೇಸು ಗೆದ್ದ ಮೇಲೆ ಪಿ.ಆರ್.ಗೆ ಹಾಕಬೇಕಲ್ಲ, ಕ್ವಿಬೆಕ್‌ನಲ್ಲಿ ಇರುವವರಿಗೆ ಅದು ಬೇರೆ ಕಡೆಗಿಂತ ನಿಧಾನ. ಪ್ರಾಂತ್ಯವು ವರ್ಷಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿಕೊಂಡಿದೆ. ಗೆದ್ದು ಕೂತು ಕಾಯುತ್ತಿರುವವರನ್ನು ವಾರವಾರ ನೋಡುತ್ತೇನೆ.

ಮಳೆಯೂರು
ವ್ಯಾಂಕೂವರ್ ಪರವಾಗಿ ಒಂದು ಮಾತು. ಏಜೆಂಟ್ ಹೇಳಿದ ಅಂತ ಊರನ್ನೇ ಬೈಯಬೇಡಿ. ಇಲ್ಲಿ ಕಿನ್‌ಬ್ರೇಸ್ ಅಂತ ಸಂಸ್ಥೆ ಇದೆ. ವಿಚಾರಣೆ ಅಂದರೆ ಏನು, ಯಾರು ಎಲ್ಲಿ ಕೂರುತ್ತಾರೆ, ಏನು ಕೇಳುತ್ತಾರೆ ಅಂತ ಮೊದಲೇ ತೋರಿಸಿಕೊಡುವ ಕೆಲಸ ಮಾಡುತ್ತಾರೆ. ಬಾಡಿಗೆ ಮಾತ್ರ ಕೇಳಬೇಡಿ. ಮಳೆಯ ಬಗ್ಗೆಯೂ ಕೇಳಬೇಡಿ.

ಚಳಿಗೆ_ಹೆದರದವನು
ವಿನ್ನಿಪೆಗ್‌ನ ಹೆಸರು ಯಾರೂ ಎತ್ತುವುದೇ ಇಲ್ಲ, ನೋಡಿ. ಇಲ್ಲಿ ಲೀಗಲ್ ಏಡ್ ಇದೆ, ಹೊಸದಾಗಿ ಬಂದ ನಿರಾಶ್ರಿತರಿಗೆ ನೆರವಾಗುವ ವೆಲ್‌ಕಮ್ ಪ್ಲೇಸ್ ಇದೆ, ಮನೆ ಸಿಗುತ್ತದೆ. ಜನವರಿಯಲ್ಲಿ ಮೈನಸ್ 30 ಇರುತ್ತದೆ, ಅಷ್ಟೇ.

ಸ್ಕಾರ್ಬರೊ_ಸೀನ
"ಅಷ್ಟೇ" ಅಂತೆ 😄

ಕಾಗದಪತ್ರ
ಲೀಗಲ್ ಏಡ್ ಮಾತು ಬಂತು, ಒಳ್ಳೆಯದಾಯಿತು. ಊರಿಗೂ ಊರಿಗೂ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. ನಿರಾಶ್ರಿತರ ಕೇಸಿಗೆ ಸರ್ಕಾರಿ ಲೀಗಲ್ ಏಡ್ ಎಲ್ಲ ಪ್ರಾಂತ್ಯದಲ್ಲೂ ಇಲ್ಲ. ಒಂಟಾರಿಯೊ, ಕ್ವಿಬೆಕ್, ಬ್ರಿಟಿಷ್ ಕೊಲಂಬಿಯ, ಆಲ್ಬರ್ಟಾ, ಮ್ಯಾನಿಟೋಬಾ, ನ್ಯೂಫೌಂಡ್‌ಲ್ಯಾಂಡ್‌ಗಳಲ್ಲಿ ಇದೆ. ಆ ಪಟ್ಟಿಯಲ್ಲಿ ಹ್ಯಾಲಿಫ್ಯಾಕ್ಸ್ ಇರುವ ನೋವಾ ಸ್ಕೋಶಿಯಾ ಇಲ್ಲ. ಟೊರೊಂಟೊಗೆ ಬಾ ಅನ್ನುವವರ ವಾದದಲ್ಲಿ ಹುರುಳಿರುವುದು ಇದೊಂದರಲ್ಲೇ.

ಆದರೆ ಹ್ಯಾಲಿಫ್ಯಾಕ್ಸಿನಲ್ಲಿ ಹ್ಯಾಲಿಫ್ಯಾಕ್ಸ್ ರೆಫ್ಯೂಜಿ ಕ್ಲಿನಿಕ್ ಇದೆ. ಲಾಭಕ್ಕಲ್ಲದ ಸಂಸ್ಥೆ. ವಕೀಲರಿಗೆ ದುಡ್ಡು ಕೊಡಲಾಗದ ಅರ್ಜಿದಾರರಿಗೆ ಉಚಿತವಾಗಿ ಕೇಸು ನಡೆಸಿಕೊಡುತ್ತಾರೆ. ಅಲ್ಲಿಗೆ ಫೋನ್ ಮಾಡಿದ್ದಾರಾ?

ಕಡಲತಡಿ_ಕಿರಣ
ಇಲ್ಲ. ಅದು ದೇಶದ ಹೊರಗಿನಿಂದ ಸರ್ಕಾರವೇ ಕರೆತಂದ ನಿರಾಶ್ರಿತರಿಗೆ ಮಾತ್ರ ಅಂದುಕೊಂಡಿದ್ದಳು.

ಕಾಗದಪತ್ರ
ತಿರುಗಾಮುರುಗಾ. ಹೊರಗಿನಿಂದ ಕರೆತಂದವರು ಬರುವಾಗಲೇ ಪಿ.ಆರ್. ಹಿಡಿದು ಬಂದಿರುತ್ತಾರೆ. ಅವರಿಗೆ ಕೇಂದ್ರ ಸರ್ಕಾರದ ದುಡ್ಡಿನಲ್ಲಿ ನಡೆಯುವ ಭಾಷಾ ತರಗತಿ, ಸೆಟಲ್‌ಮೆಂಟ್ ಸೇವೆ ಎಲ್ಲ ಸಿಗುತ್ತದೆ. ಇಲ್ಲೇ ಅರ್ಜಿ ಹಾಕುವವರಿಗೆ ಅವು ಸಾಮಾನ್ಯವಾಗಿ ಸಿಗುವುದಿಲ್ಲ. ಕ್ಲಿನಿಕ್ ಇರುವುದೇ ಈ ಎರಡನೇ ಗುಂಪಿಗೆ. ನಾಳೆ ಬೆಳಿಗ್ಗೆಯೇ ಫೋನ್ ಮಾಡಿಸಿ.

ಸ್ಕಾರ್ಬರೊ_ಸೀನ
ಕ್ಲಿನಿಕ್ ಇರಬಹುದು. ಆದರೆ ಟೊರೊಂಟೊದಲ್ಲಿ ಅಪ್ರೂವಲ್ ಜಾಸ್ತಿ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅದಕ್ಕೇನಂತೀರಿ?

ಕಾಗದಪತ್ರ
ಯಾರ್ಕ್ ಯೂನಿವರ್ಸಿಟಿಯ ಕಾನೂನು ಪ್ರೊಫೆಸರ್ ಷಾನ್ ರೇಹಾಗ್ ವರ್ಷವರ್ಷ ಐಆರ್‌ಬಿಯಿಂದ ಅಂಕಿಅಂಶ ತರಿಸಿ ಪ್ರಕಟಿಸುತ್ತಾರೆ. ಮಂಡಳಿಯ ಯಾವ ಸದಸ್ಯರು, ಅಂದರೆ ಕೇಸು ಕೇಳಿ ತೀರ್ಮಾನ ಕೊಡುವವರು, ಎಷ್ಟು ಕೇಸು ಒಪ್ಪಿದ್ದಾರೆ ಅಂತ ಅದರಲ್ಲಿ ಇರುತ್ತದೆ. ಸದಸ್ಯರಿಂದ ಸದಸ್ಯರಿಗೆ ಅಂತರ ದೊಡ್ಡದು, ಅದು ನಿಜ. ಆದರೆ ಯಾವ ಸದಸ್ಯರು ಸಿಗುತ್ತಾರೆ ಅನ್ನುವುದನ್ನು ಅರ್ಜಿದಾರರು ಆರಿಸಿಕೊಳ್ಳುವ ಹಾಗಿಲ್ಲ. ಊರು ಬದಲಿಸಿದರೆ ಸಿಗುವುದು ಇನ್ನೊಂದು ಲಾಟರಿ ಡಬ್ಬ.

ಇನ್ನೊಂದು ಮುಖ್ಯ ವಿಷಯ. ಊರಿನ ಒಟ್ಟು ಲೆಕ್ಕ ನೋಡಿದರೆ ಏನೂ ತಿಳಿಯುವುದಿಲ್ಲ. ಯಾವ ದೇಶದವರು ಎಲ್ಲಿ ಜಾಸ್ತಿ ಅರ್ಜಿ ಹಾಕುತ್ತಾರೆ ಅನ್ನುವುದರ ಮೇಲೆ ಆ ಲೆಕ್ಕ ಏರುತ್ತದೆ, ಇಳಿಯುತ್ತದೆ. ಅಫ್ಘಾನ್ ಕೇಸುಗಳು ಹೆಚ್ಚಾಗಿ ಗೆಲ್ಲುತ್ತವೆ, ಯಾವ ಊರಾದರೂ. ಕೆಲವು ದೇಶದ ಕೆಲವು ಬಗೆಯ ಕೇಸುಗಳನ್ನು ವಿಚಾರಣೆಯೇ ಇಲ್ಲದೆ ಕಾಗದ ನೋಡಿ ಒಪ್ಪುವ ಕ್ರಮವೂ ಐಆರ್‌ಬಿಯಲ್ಲಿದೆ. ಅಲ್ಲಿ ಲೆಕ್ಕಕ್ಕೆ ಬರುವುದು ಕಾಗದ ಎಷ್ಟು ಗಟ್ಟಿ ಅನ್ನುವುದು.

ಚಳಿಗೆ_ಹೆದರದವನು
ಬೇಗ ಆಗುತ್ತದೆ ಅನ್ನುವುದೂ ಬರೀ ಬಾಯಿಮಾತು. 2025ರಲ್ಲಿ ಐಆರ್‌ಬಿ ಮುಂದೆ ಬಾಕಿ ಇದ್ದ ಕೇಸುಗಳು ಎರಡೂವರೆ ಲಕ್ಷ ದಾಟಿದ್ದವು. ಅದರ ಮೇಲೆ ಭದ್ರತಾ ತಪಾಸಣೆ ಬೇರೆ. ಅದು ಮುಗಿಯದೆ ಫೈಲು ಅಲುಗುವುದಿಲ್ಲ.

ಪ್ರಶ್ನೆಪತ್ರಿಕೆ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ರೂಮ್‌ಮೇಟಿನ ಕಸಿನ್ ಅಮೆರಿಕದಲ್ಲಿದ್ದಾನೆ. ಬಫಲೊ ಕಡೆಯಿಂದ ಗಡಿ ದಾಟಿ ಬಂದು ಟೊರೊಂಟೊದಲ್ಲಿ ಹಾಕಬಹುದಾ? ಮೊದಲು ಯಾವುದೋ ರಸ್ತೆ ಇತ್ತಲ್ಲ, ಎಲ್ಲರೂ ನಡೆದುಕೊಂಡು ಬರುತ್ತಿದ್ದರಲ್ಲ?

ಮಾಂಟ್ರಿಯಲ್_ಮಾಲತಿ
ರಾಕ್ಸಮ್ ರೋಡ್. ಅದರ ಕಥೆ 2023ರ ಮಾರ್ಚ್ 25ಕ್ಕೆ ಮುಗಿಯಿತು. ಕೆನಡಾ ಮತ್ತು ಅಮೆರಿಕದ ನಡುವೆ 2004ರಿಂದ ಒಂದು ಒಪ್ಪಂದ ಇದೆ. ಮೊದಲು ಯಾವ ಸುರಕ್ಷಿತ ದೇಶಕ್ಕೆ ಕಾಲಿಟ್ಟಿರೋ ಅಲ್ಲೇ ಕೇಳಿ ಅನ್ನುವುದು. ಆಗ ಅದು ಅಧಿಕೃತ ಗಡಿ ಠಾಣೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಅದಕ್ಕೇ ಜನ ಆ ಹಳ್ಳಿರಸ್ತೆ ಹಿಡಿದು ಬರುತ್ತಿದ್ದರು. ಈಗ ಇಡೀ ನೆಲಗಡಿಗೆ ಅನ್ವಯಿಸುತ್ತದೆ. ಠಾಣೆ ತಪ್ಪಿಸಿ ದಾಟಿದವರು 14 ದಿನದೊಳಗೆ ಅರ್ಜಿ ಹಾಕಿದರೂ ವಾಪಸ್ಸೇ. ಕೆನಡಾದಲ್ಲಿ ಹತ್ತಿರದ ಸಂಬಂಧಿ ಇದ್ದವರಿಗೆ, ಒಂಟಿಯಾಗಿ ಬಂದ ಅಪ್ರಾಪ್ತ ಮಕ್ಕಳಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ.

ಪ್ರಶ್ನೆಪತ್ರಿಕೆ
ಹಾಗಾದರೆ 14 ದಿನ ಎಲ್ಲಾದರೂ ಅಡಗಿದ್ದು ಆಮೇಲೆ ಹಾಕಿದರೆ?

ಚಳಿಗೆ_ಹೆದರದವನು
ದಯವಿಟ್ಟು ಈ ಐಡಿಯಾ ಯಾರ ತಲೆಗೂ ತುಂಬಬೇಡಿ. ನಾನಿರುವುದು ಮ್ಯಾನಿಟೋಬಾ. 2022ರ ಜನವರಿಯಲ್ಲಿ ಇಲ್ಲಿನ ಎಮರ್ಸನ್ ಹತ್ತಿರ ಗುಜರಾತಿನ ಒಂದು ಕುಟುಂಬ, ಇಬ್ಬರು ಮಕ್ಕಳು ಸೇರಿ ನಾಲ್ವರು, ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. ಅವರು ಇಲ್ಲಿಂದ ಅಮೆರಿಕಕ್ಕೆ ಹೋಗುತ್ತಿದ್ದವರು. ದಿಕ್ಕು ಯಾವುದಾದರೇನು, ಬಯಲು ಅದೇ. ದಾಟಿಸುವವನು ದುಡ್ಡು ಎಣಿಸಿಕೊಂಡು ಕಾರು ತಿರುಗಿಸುತ್ತಾನೆ.

ನಿರ್ವಾಹಕ
ಗಡಿ ತಪ್ಪಿಸಿ ದಾಟುವ ಬಗ್ಗೆ ಇಲ್ಲಿ ಸಲಹೆ ಬೇಡ. ಮೂಲ ಪ್ರಶ್ನೆಗೆ ಬನ್ನಿ.

ದುಭಾಷಿ_ದೀಪ
ನಾನು ವಿಚಾರಣೆಗಳಲ್ಲಿ ಹಿಂದಿ ಮತ್ತು ಕನ್ನಡದ ದುಭಾಷಿ. ಯಾವ ಕೇಸಿನ ಬಗ್ಗೆಯೂ ಮಾತಾಡುವಂತಿಲ್ಲ, ಮಾತಾಡುವುದೂ ಇಲ್ಲ. ಒಳಗೆ ಹೇಗಿರುತ್ತದೆ ಅಂತ ಮಾತ್ರ ಹೇಳುತ್ತೇನೆ. ಊರು ಊರು ಅಂತ ಒದ್ದಾಡುವವರು ಇದನ್ನು ಓದಲಿ.

ಸಾಮಾನ್ಯವಾಗಿ ಅರ್ಧ ದಿನದ ವಿಚಾರಣೆ. ಪರದೆ ಮೇಲೆ ನಾಲ್ಕು ಚೌಕ: ಸದಸ್ಯರು, ವಕೀಲರು, ಅರ್ಜಿದಾರರು, ನಾನು. ಎದುರು ವಕೀಲರು ಅಂತ ಹೆಚ್ಚಿನ ಕೇಸುಗಳಲ್ಲಿ ಯಾರೂ ಇರುವುದಿಲ್ಲ. ಮೊದಲು ನನ್ನ ಪ್ರಮಾಣ. ಆಮೇಲೆ "ಇವರ ಮಾತು ನಿಮಗೆ ಅರ್ಥವಾಗುತ್ತದಾ?" ಅಂತ ಅರ್ಜಿದಾರರನ್ನು ಕೇಳುತ್ತಾರೆ. ನೂರಕ್ಕೆ ತೊಂಬತ್ತು ಜನ ಸಂಕೋಚಕ್ಕೆ ಹೂಂ ಅನ್ನುತ್ತಾರೆ. ಅಲ್ಲೇ ಹೇಳಬೇಕು! ಅರ್ಥವಾಗದಿದ್ದರೆ ಇಲ್ಲ ಅನ್ನಿ, ಯಾರೂ ಬೈಯುವುದಿಲ್ಲ. ಇದು ಅಫ್ಘಾನ್ ಅರ್ಜಿದಾರರಿಗೆ ಇನ್ನೂ ಮುಖ್ಯ. ಫಾರಂನಲ್ಲಿ ಸುಮ್ನೆ "ಫಾರ್ಸಿ" ಅಂತ ಬರೆದರೆ ಇರಾನಿನ ದುಭಾಷಿ ಬರಬಹುದು. ಅಫ್ಘಾನಿಸ್ತಾನದಲ್ಲಿ ಆಡುವ ದರಿ ಬೇಕಿದ್ದರೆ ದರಿ ಅಂತಲೇ ಬರೆಸಿ. ಬದಲಿಸಬೇಕಾದರೆ ವಿಚಾರಣೆಗೆ ಕನಿಷ್ಠ 10 ದಿನ ಮುಂಚೆ ತಿಳಿಸಬೇಕು. ದುಭಾಷಿಗೆ ದುಡ್ಡು ಕೊಡಬೇಕಿಲ್ಲ, ಐಆರ್‌ಬಿಯೇ ಕೊಡುತ್ತದೆ.

ಪ್ರಶ್ನೆಗಳು ಹೇಗಿರುತ್ತವೆ ಅಂದರೆ, ದೊಡ್ಡ ವಿಷಯ ಬೇಗ ಮುಗಿಯುತ್ತದೆ, ಸಣ್ಣದಕ್ಕೆ ಕೂರುತ್ತಾರೆ. ಫಾರಂನಲ್ಲಿ ಸಂಜೆ ಅಂತ ಇದೆ, ಈಗ ರಾತ್ರಿ ಅಂದಿರಿ, ಯಾಕೆ? ಪೊಲೀಸರ ಹತ್ತಿರ ಹೋಗಲಿಲ್ಲ, ಯಾಕೆ? ಕೆನಡಾಕ್ಕೆ ಬಂದು ಇಷ್ಟು ದಿನ ಯಾಕೆ ಕೇಳಲಿಲ್ಲ? ಈ ಕೊನೆಯದು ನಿಮ್ಮ ಗೆಳತಿಗೆ ಬಂದೇ ಬರುತ್ತದೆ. ಪರ್ಮಿಟ್ ಇತ್ತು, ಕಳಿಸುವ ಭಯ ಇರಲಿಲ್ಲ ಅನ್ನುವುದು ಒಂದು ಉತ್ತರ, ಆದರೆ ಅದನ್ನು ಅವಳೇ ತನ್ನ ಮಾತಿನಲ್ಲಿ ಹೇಳಬೇಕು.

ಅಬ್ಬಕ್ಕನ_ಊರವಳು
ಸಂಜೆ ರಾತ್ರಿ ಅಂತೆಲ್ಲ ಹಿಡಿಯುತ್ತಾರಾ? ನನಗೆ ನಿನ್ನೆ ಊಟಕ್ಕೆ ಎಂತ ಮಾಡಿದ್ದೆ ಅಂತ ನೆನಪಿಲ್ಲ.

ದುಭಾಷಿ_ದೀಪ
ಅಕ್ಕ, ಅದಕ್ಕೇ ಬಿಒಸಿ ಫಾರಂ, ಅಂದರೆ ಯಾಕೆ ಆಶ್ರಯ ಕೇಳುತ್ತಿದ್ದೀರಿ ಅಂತ ವಿವರಿಸುವ ಫಾರಂ, ಬರೆಯುವಾಗ ಅವಸರ ಬೇಡ ಅನ್ನುವುದು. ಅದೇ ಇಡೀ ಕೇಸಿನ ಬೆನ್ನೆಲುಬು. ದೇಶದ ಒಳಗಿಂದ ಹಾಕುವವರು ಅದನ್ನು ಅರ್ಜಿಯ ಜೊತೆಗೇ ಕೊಡಬೇಕು. ನೆನಪಿಲ್ಲದ್ದನ್ನು ನೆನಪಿಲ್ಲ ಅಂತ ಬರೆದರೆ ತಪ್ಪೇನಿಲ್ಲ. ನೆನಪಿಲ್ಲದಿದ್ದರೂ ನೆನಪಿದ್ದವರ ಹಾಗೆ ಬರೆದು ಆಮೇಲೆ ತಡವರಿಸಿದರೆ ಕಷ್ಟ.

ಬಿಸಿಬೇಳೆ
ಇಷ್ಟೆಲ್ಲ ಹಕ್ಕು, ದುಭಾಷಿ, ಉಚಿತ ವಕೀಲರು. ಟ್ಯಾಕ್ಸ್ ಕಟ್ಟುವವರು ನಾವು.

ಮಾಂಟ್ರಿಯಲ್_ಮಾಲತಿ
ಆ ಹಕ್ಕು ಯಾರ ಕೇಸಿನಿಂದ ಬಂತು ಗೊತ್ತಾ? 1985ರ ಏಪ್ರಿಲ್ 4ರ ಸಿಂಗ್ ತೀರ್ಪು. ಅದಕ್ಕೆ ಮುಂಚೆ ಅರ್ಜಿದಾರರ ಮುಖ ನೋಡದೆ, ಮಾತು ಕೇಳದೆ ಬರೀ ಕಾಗದದ ಮೇಲೆ ತಿರಸ್ಕರಿಸಬಹುದಿತ್ತು. ಕೆನಡಾದ ನೆಲದ ಮೇಲಿರುವ ಪ್ರತಿಯೊಬ್ಬರಿಗೂ ಸಂವಿಧಾನದ ಹಕ್ಕುಗಳ ಸನ್ನದಿನ ರಕ್ಷಣೆ ಇದೆ, ನಂಬಿಕೆಯ ಪ್ರಶ್ನೆ ಬಂದಾಗ ಅವರ ಬಾಯಿಂದಲೇ ಕೇಳಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೇ ಏಪ್ರಿಲ್ 4 ಇಲ್ಲಿ ನಿರಾಶ್ರಿತರ ಹಕ್ಕುಗಳ ದಿನ. ಅರ್ಜಿದಾರರಲ್ಲಿ ಭಾರತದಿಂದ ಬಂದ ಸಿಖ್ಖರೂ ಇದ್ದರು.

ಮತ್ತೆ ಟ್ಯಾಕ್ಸ್: ಅರ್ಜಿ ಅರ್ಹ ಅಂತಾಗಿ ವೈದ್ಯಕೀಯ ಪರೀಕ್ಷೆ ಮುಗಿದ ಮೇಲೆ ಅವರಿಗೂ ವರ್ಕ್ ಪರ್ಮಿಟ್ ಸಿಗುತ್ತದೆ, ಅವರೂ ಟ್ಯಾಕ್ಸ್ ಕಟ್ಟುತ್ತಾರೆ.

ಪ್ರಶ್ನೆಪತ್ರಿಕೆ
ಭಾರತದವರ ಕೇಸು ಯಾಕೆ ಅಷ್ಟು ಬೀಳುತ್ತವೆ ಹಾಗಾದರೆ?

ಕಾಗದಪತ್ರ
ಹಲವು ಕಾರಣ, ಆದರೆ ಒಂದಂತೂ ಈ ಥ್ರೆಡ್ಡಿಗೆ ತಕ್ಕ ಹಾಗೆ ಊರಿನದ್ದೇ. ನಿಮ್ಮ ದೇಶದೊಳಗೇ ಇನ್ನೊಂದು ಸುರಕ್ಷಿತ ಜಾಗ ಇದೆಯಲ್ಲ, ಅಲ್ಲಿಗೆ ಯಾಕೆ ಹೋಗಲಿಲ್ಲ ಅನ್ನುವ ಪರೀಕ್ಷೆ ಇದೆ. ಎರಡು ಹಂತ. ಅಲ್ಲಿ ಕಿರುಕುಳದ ಗಂಭೀರ ಸಾಧ್ಯತೆ ಇದೆಯಾ? ನಿಮ್ಮ ಪರಿಸ್ಥಿತಿಯಲ್ಲಿ ಅಲ್ಲಿಗೆ ಹೋಗಿ ಬದುಕು ಅನ್ನುವುದು ನ್ಯಾಯವಾ? 1990ರ ದಶಕದ ಮೊದಲಲ್ಲಿ ಶ್ರೀಲಂಕಾದ ತಮಿಳರ ಕೇಸುಗಳಲ್ಲಿ, ಕೊಲಂಬೊಗೆ ಯಾಕೆ ಹೋಗಲಿಲ್ಲ ಅನ್ನುವ ಪ್ರಶ್ನೆ ಬಂದಾಗ, ಫೆಡರಲ್ ಮೇಲ್ಮನವಿ ನ್ಯಾಯಾಲಯ ಇದನ್ನು ರೂಪಿಸಿತು. ಭಾರತದ ಅರ್ಜಿದಾರರಿಗೆ ಸದಸ್ಯರು ಮುಂದಿಡುವ ಊರುಗಳು ಮುಂಬೈ, ದೆಹಲಿ, ನಮ್ಮ ಬೆಂಗಳೂರು. ಪಂಜಾಬಿನ ಹಳ್ಳಿಯಲ್ಲಿ ಜಮೀನಿನ ಜಗಳಕ್ಕೆ ಹೆದರಿ ಓಡಿಬಂದವರು ಬೆಂಗಳೂರಿನಲ್ಲಿ ಇರಬಹುದಿತ್ತು ಅಂದರೆ ಕೇಸು ಅಲ್ಲಿಗೆ ಮುಗಿಯಿತು.

ಕಿರಣ್ ಅವರ ಗೆಳತಿಗೆ ಈ ತಲೆನೋವು ಇಲ್ಲ. ಇಡೀ ದೇಶ ತಾಲಿಬಾನ್ ಕೈಯಲ್ಲಿದೆ.

ಸ್ಕಾರ್ಬರೊ_ಸೀನ
ಬೆಂಗಳೂರಿನ ಟ್ರಾಫಿಕ್ಕೇ ಒಂದು ಕಿರುಕುಳ ಅಂತ ಹೇಳಿದರೆ ಆಗುತ್ತಿತ್ತು.

ಕಡಲತಡಿ_ಕಿರಣ
ಎಲ್ಲರಿಗೂ ಧನ್ಯವಾದ. ಅಪ್‌ಡೇಟ್. ಕ್ಲಿನಿಕ್ಕಿಗೆ ಫೋನ್ ಮಾಡಿದಳು, ಭೇಟಿಗೆ ಸಮಯ ಕೊಟ್ಟಿದ್ದಾರೆ. ಒಂದು ವರ್ಷದ ವಿಷಯವನ್ನು ಅವಳೇ ಮೊದಲು ಕೇಳಿದಳಂತೆ. ಪಾಸ್‌ಪೋರ್ಟು, ಪರ್ಮಿಟ್ಟು, ಪ್ರವೇಶದ ತಾರೀಕುಗಳು ಎಲ್ಲ ತನ್ನಿ, ನೋಡಿ ಹೇಳುತ್ತೇವೆ ಅಂದರಂತೆ.

ಆದರೂ ಅವಳಿಗೆ ಟೊರೊಂಟೊ ಆಸೆ ಹೋಗಿಲ್ಲ. ಅಲ್ಲಿ ಗೊತ್ತಿರುವ ಕುಟುಂಬ ಇದೆ, ಇಲ್ಲಿ ಒಬ್ಬಳೇ. ಏಜೆಂಟ್ ಕೂಡ ಬಿಡುತ್ತಿಲ್ಲ. "ನಿನ್ನ ಕಥೆ ಸಪ್ಪೆಯಾಗಿದೆ, ಸ್ವಲ್ಪ ಗಟ್ಟಿ ಮಾಡಿಕೊಡುತ್ತೇನೆ" ಅಂದನಂತೆ.

ದುಭಾಷಿ_ದೀಪ
ಅವನ ನಂಬರ್ ಬ್ಲಾಕ್ ಮಾಡಿಸಿ. ಈಗಲೇ. ಬೇರೆಯವರು ಕಟ್ಟಿದ ಕಥೆಯನ್ನು ಮೂರು ಗಂಟೆ ಹೊತ್ತು ಪ್ರಶ್ನೆಗೆ ಸಿಕ್ಕಿಸಿದರೆ ಯಾರ ಕೈಯಲ್ಲೂ ನಿಲ್ಲಿಸಲು ಆಗುವುದಿಲ್ಲ.

ಕಾಗದಪತ್ರ
ದುಡ್ಡು ತಗೊಂಡು ಈ ಕೆಲಸ ಮಾಡಬೇಕಾದರೆ ವಕೀಲರಾಗಿರಬೇಕು, ಅಥವಾ ಪ್ಯಾರಾಲೀಗಲ್ ಪರವಾನಗಿ ಇರಬೇಕು, ಇಲ್ಲವೇ ಇಮಿಗ್ರೇಶನ್ ಸಲಹೆಗಾರರ ಕಾಲೇಜಿನ ಪಟ್ಟಿಯಲ್ಲಿ ಹೆಸರಿರಬೇಕು. ಸಲಹೆಗಾರರಲ್ಲೂ ಐಆರ್‌ಬಿ ಮುಂದೆ ನಿಲ್ಲುವುದಕ್ಕೆ ಬೇರೆ ದರ್ಜೆಯ ಪರವಾನಗಿ ಬೇಕು. ಪಟ್ಟಿ ಆನ್‌ಲೈನ್‌ನಲ್ಲಿದೆ, ಹೆಸರು ಹುಡುಕಿದರೆ ಗೊತ್ತಾಗುತ್ತದೆ.

ಸ್ಕಾರ್ಬರೊ_ಸೀನ
ಟೊರೊಂಟೊ ಆಸೆ ತಪ್ಪೇನಲ್ಲ ಬಿಡಿ. ಒಂಟಿತನ ಸಣ್ಣ ವಿಷಯ ಅಲ್ಲ. ಆದರೆ ಒಂದು ವಿಷಯ ನಾನೇ ಹೇಳಬೇಕು. ಗೊತ್ತಿರುವ ಕುಟುಂಬ ಎಷ್ಟು ದಿನ ಇಟ್ಟುಕೊಳ್ಳುತ್ತದೆ ಅಂತ ಬಾಯಿಬಿಟ್ಟು ಕೇಳಿಬಿಡಲಿ. 2023ರ ಬೇಸಿಗೆಯಲ್ಲಿ ಇಲ್ಲಿ ಪೀಟರ್ ಸ್ಟ್ರೀಟ್‌ನ ಆಶ್ರಯ ಕಚೇರಿ ಮುಂದೆ ಆಫ್ರಿಕಾದಿಂದ ಬಂದ ಅರ್ಜಿದಾರರು ಫುಟ್‌ಪಾತಿನಲ್ಲೇ ಮಲಗಿದ್ದರು. ಸಿಟಿ ಮತ್ತು ಕೇಂದ್ರ ಸರ್ಕಾರ ಖರ್ಚು ಯಾರದ್ದು ಅಂತ ಜಗಳ ಆಡುತ್ತಿದ್ದವು. ಕೊನೆಗೆ ಚರ್ಚುಗಳು ಬಾಗಿಲು ತೆಗೆದವು. ಒಂಟಾರಿಯೊದ ಸಹಾಯಧನ ಒಬ್ಬರಿಗೆ ತಿಂಗಳಿಗೆ 733 ಡಾಲರ್. ಒಂದು ಬೆಡ್‌ರೂಮ್ ಬಾಡಿಗೆ 2,000ದ ಮೇಲೆ. ನೀವೇ ಲೆಕ್ಕ ಹಾಕಿ.

ಅಬ್ಬಕ್ಕನ_ಊರವಳು
ಸೀನಣ್ಣ, ಮೊದಲು "ಯೋಚನೆ ಮಾಡೋಕೆ ಏನಿದೆ" ಅಂದವರು ನೀವೇ ಅಲ್ವಾ 😀

ಸ್ಕಾರ್ಬರೊ_ಸೀನ
ಊರಿನ ಅಭಿಮಾನ ಬೇರೆ, ಬಾಡಿಗೆ ಬೇರೆ.

ಮಳೆಯೂರು
ಹ್ಯಾಲಿಫ್ಯಾಕ್ಸಿನಲ್ಲೂ ಮನೆ ಸುಲಭ ಅಲ್ಲ. 2022, 2023ರಲ್ಲಿ ಅಲ್ಲಿ ಖಾಲಿ ಮನೆ ನೂರಕ್ಕೆ ಒಂದರ ಆಸುಪಾಸು ಇತ್ತು. ಈಗ ಅವಳಿಗೆ ರೂಮ್ ಇದೆಯಲ್ಲ? ಅದನ್ನು ಬಿಡಬೇಡ ಅನ್ನಿ.

ಕಾಗದಪತ್ರ
ಹೌದು, ರೂಮ್ ಬಿಡದಿರುವುದೇ ಒಳ್ಳೆಯದು. ವಿಳಾಸ ಬದಲಾದಾಗೆಲ್ಲ ಐಆರ್‌ಬಿ, ಇಮಿಗ್ರೇಶನ್ ಇಲಾಖೆ, ಗಡಿ ಸೇವೆ, ಮೂರಕ್ಕೂ ಬೇರೆಬೇರೆಯಾಗಿ ತಿಳಿಸಬೇಕು. ಒಂದಕ್ಕೆ ಹೇಳಿದರೆ ಉಳಿದವಕ್ಕೆ ತಾನಾಗಿ ಹೋಗುವುದಿಲ್ಲ. ನೋಟಿಸು ಹಳೆ ಮನೆಗೆ ಹೋಗಿ, ಇವರು ಹಾಜರಾಗದೆ, ಕೇಸು ಕೈಬಿಟ್ಟಿದ್ದಾರೆ ಅಂತ ಮುಚ್ಚಿದ್ದನ್ನು ನೋಡಿದ್ದೇನೆ. ಹಾಗೆ ಮುಚ್ಚಿದರೆ ಇನ್ನೊಮ್ಮೆ ಅರ್ಜಿ ಹಾಕುವಂತಿಲ್ಲ.

ವಿಚಾರಣೆಯ ಜಾಗ ಬದಲಿಸಬೇಕು ಅಂತ ಆಮೇಲೆ ಅನ್ನಿಸಿದರೆ ಅದಕ್ಕೂ ದಾರಿ ಇದೆ. ವಿಚಾರಣೆಗೆ ಕನಿಷ್ಠ 20 ದಿನ ಮುಂಚೆ ಕಾರಣ ಕೊಟ್ಟು ಕೇಳಬೇಕು. ಆದರೆ ವಕೀಲರನ್ನು ಮಧ್ಯದಲ್ಲಿ ಬದಲಿಸುವುದು ಜಾಗ ಬದಲಿಸುವುದಕ್ಕಿಂತ ದೊಡ್ಡ ತಲೆನೋವು. ನನ್ನ ಅಭಿಪ್ರಾಯ ಇಷ್ಟೇ: ಕ್ಲಿನಿಕ್ ಕೇಸು ತಗೊಂಡರೆ ಅಲ್ಲೇ ಇರಲಿ. ತಗೊಳ್ಳಲಿಲ್ಲ ಅಂದರೆ ಲೀಗಲ್ ಏಡ್ ಇರುವ ಪ್ರಾಂತ್ಯ, ಅದರಲ್ಲೂ ಮಲಗಲು ಗಟ್ಟಿ ಜಾಗ ಇರುವ ಊರು. ಟೊರೊಂಟೊನಲ್ಲಿ ಆ ಕುಟುಂಬ ಕೇಸು ಮುಗಿಯುವವರೆಗೂ ಇಟ್ಟುಕೊಳ್ಳುತ್ತದೆ ಅಂದರೆ ಟೊರೊಂಟೊ.

ಮಾಂಟ್ರಿಯಲ್_ಮಾಲತಿ
ಒಪ್ಪಿದೆ. ಗೆದ್ದ ಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು. ಅವಳ ಅಪ್ಪ ಅಮ್ಮ ಎಲ್ಲಿದ್ದಾರೆ? ಪಿ.ಆರ್. ಅರ್ಜಿಯಲ್ಲಿ ಗಂಡ ಹೆಂಡತಿ, ಅವಲಂಬಿತ ಮಕ್ಕಳನ್ನು ಮಾತ್ರ ಸೇರಿಸಬಹುದು. ಅಪ್ಪ ಅಮ್ಮ, ಒಡಹುಟ್ಟಿದವರು ಅದರಲ್ಲಿ ಬರುವುದಿಲ್ಲ. ಅವಳಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಕಡಲತಡಿ_ಕಿರಣ
ಗೊತ್ತು ಅಂದಳು. ಅದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ.

ಇನ್ನೊಂದು ಡೌಟು. ಅವಳ ತಜ್ಕಿರಾದಲ್ಲಿ, ಅಂದರೆ ಅಲ್ಲಿನ ಗುರುತಿನ ಚೀಟಿಯಲ್ಲಿ, ಹುಟ್ಟಿದ ತಾರೀಕೇ ಇಲ್ಲ. "1390ರಲ್ಲಿ ಇಷ್ಟು ವಯಸ್ಸು" ಅಂತ ಇದೆ. ಪಾಸ್‌ಪೋರ್ಟಿನಲ್ಲಿ ಜನವರಿ 1. ಡಿಗ್ರಿ ಸರ್ಟಿಫಿಕೇಟಿನಲ್ಲಿ ಇನ್ನೊಂದು. ಇದನ್ನೇ ಹಿಡಿದು ಸುಳ್ಳು ಅಂದುಬಿಟ್ಟರೆ?

ಕಾಗದಪತ್ರ
ಹಳೆ ತಜ್ಕಿರಾಗಳು ಹಾಗೇ ಇರುತ್ತವೆ, ಸದಸ್ಯರಿಗೂ ಗೊತ್ತು. ಅದಕ್ಕೇ ಅಷ್ಟೊಂದು ಅಫ್ಘಾನರ ಹುಟ್ಟುಹಬ್ಬ ಜನವರಿ 1. ಮುಚ್ಚಿಡದೆ ಫಾರಂನಲ್ಲೇ ಒಂದು ಸಾಲು ಬರೆದುಬಿಡಲಿ. ಎಚ್ಚರ ಬೇಕಾದ್ದು ಬೇರೆ ತಾರೀಕುಗಳಲ್ಲಿ. ಅವರ ಸೌರ ಹಿಜರಿ ವರ್ಷ ಮಾರ್ಚ್ ಕೊನೆಯಲ್ಲಿ ಶುರುವಾಗುತ್ತದೆ. ಕಾಬೂಲ್ ಬಿದ್ದ ದಿನ ಅವರ ಲೆಕ್ಕದಲ್ಲಿ 1400ರ ಅಸದ್ ತಿಂಗಳ 24. ಅವಸರದಲ್ಲಿ ಎಲ್ಲ ವರ್ಷಕ್ಕೂ 621 ಕೂಡಿಸಿಬಿಡುತ್ತಾರೆ. ಆದರೆ ಜನವರಿಯಿಂದ ಮಾರ್ಚ್ ನಡುವೆ ನಡೆದ ಘಟನೆಗೆ 622 ಕೂಡಿಸಬೇಕು. ಅಲ್ಲಿ ಒಂದು ವರ್ಷ ತಪ್ಪಿದರೆ ಬೆದರಿಕೆ ಪತ್ರ ಬರುವ ಮೊದಲೇ ಮನೆ ಬಿಟ್ಟ ಹಾಗೆ ಕಾಣುತ್ತದೆ.

ದರಿಯಲ್ಲಿರುವ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ, ಜೊತೆಗೆ ಅನುವಾದಕರ ಸಹಿ ಹಾಕಿದ ಹೇಳಿಕೆ ಬೇಕು. ವಿಚಾರಣೆಗೆ 10 ದಿನ ಮುಂಚೆ ಎಲ್ಲ ತಲುಪಿರಬೇಕು.

ಕಡಲತಡಿ_ಕಿರಣ
ಇದನ್ನೆಲ್ಲ ಅವಳಿಗೆ ಕಳಿಸಿದ್ದೇನೆ. "ಇಷ್ಟೊಂದು ಜನ ನನ್ನ ಬಗ್ಗೆ ಜಗಳ ಆಡುತ್ತಿದ್ದಾರಾ?" ಅಂತ ಕೇಳಿದಳು.

ದುಭಾಷಿ_ದೀಪ
ಅವಳಿಗೆ ಹೇಳಿ, ಸಂದರ್ಶನದ ದಿನ ಪಾಸ್‌ಪೋರ್ಟನ್ನು ತೆಗೆದಿಟ್ಟುಕೊಳ್ಳುತ್ತಾರೆ, ವಾಪಸ್ ಕೊಡುವುದಿಲ್ಲ. ಅದಕ್ಕೂ ಮುಂಚೆ ಖಾಲಿ ಪುಟಗಳೂ ಸೇರಿ ಪ್ರತಿ ಪುಟ ಸ್ಕ್ಯಾನ್ ಮಾಡಿಟ್ಟುಕೊಳ್ಳಲಿ. ಆಮೇಲೆ ಬ್ಯಾಂಕಿನಲ್ಲೋ ಮನೆ ಬಾಡಿಗೆಗೋ ಗುರುತು ಕೇಳಿದಾಗ ಕೈಯಲ್ಲಿರುವುದು ಇವರು ನಿರಾಶ್ರಿತ ಅರ್ಜಿದಾರರು ಅಂತ ಸರ್ಕಾರ ಕೊಡುವ ಪತ್ರ ಒಂದೇ.

ಚಳಿಗೆ_ಹೆದರದವನು
ಮತ್ತೆ ಆ ಪತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ. ಮಾಡಿಸಿದವರಿದ್ದಾರೆ.